ಗೊರಕೆಗೂ ಎದೆಯುರಿಗೂ ಏನು ನಂಟು? ಎರಡು ಕಾಯಿಲೆಗಳು ಒಂದಕ್ಕೊಂದು ಪರಿಚಯವಾದ ಕಥೆ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬುದು ನಮ್ಮ ಹಳೆಯ ಗಾದೆ. ನಿದ್ದೆ ಬರುವುದು ನೆಮ್ಮದಿಯ ಗುರುತು, ಗೊರಕೆ ಬರುವುದಂತೂ ಗಾಢ ನಿದ್ದೆಯ ಗುರುತು ಎಂದು ನಂಬಿಕೊಂಡು ಬಂದವರು ನಾವು. ಕುಂಭಕರ್ಣನ ಕಥೆ ಕೇಳಿ ನಕ್ಕವರು. ಇನ್ನು ಎದೆಯುರಿ, ಹುಳಿತೇಗು ಎಂದರೆ 'ನಿನ್ನೆ ರಾತ್ರಿ ಬಜ್ಜಿ ಜಾಸ್ತಿ ಆಯ್ತು' ಎಂದು ಒಂದು ಲೋಟ ಮಜ್ಜಿಗೆಯಲ್ಲೋ ಒಂದು ಮಾತ್ರೆಯಲ್ಲೋ ಮುಗಿಸಿಬಿಡುವ ವಿಷಯ. ಒಂದು ಮೂಗು, ಗಂಟಲಿಗೆ ಸೇರಿದ್ದು, ಇನ್ನೊಂದು ಹೊಟ್ಟೆಗೆ ಸೇರಿದ್ದು. ಇವೆರಡಕ್ಕೂ ಸಂಬಂಧವಿದೆ ಎಂದರೆ ನಮ್ಮ ಅಜ್ಜಿಯಂದಿರು ನಗುತ್ತಿದ್ದರೇನೋ. ವೈದ್ಯಶಾಸ್ತ್ರವೂ ಬಹಳ ಕಾಲ ಹಾಗೆಯೇ ಇತ್ತು.

ನಾನು ವೈದ್ಯೆಯಲ್ಲ. ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಎಂ.ಟೆಕ್. ಓದಿದವಳು. ಎರಡು ಬೇರೆ ಬೇರೆ ಸಿಸ್ಟಮ್‌ಗಳ ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು, ಗಡಿಯಾರ ಹೊಂದಿಸಿ, 'ಇಲ್ಲಿ ಇದು ಆದಾಗ ಅಲ್ಲಿ ಏನಾಯಿತು' ಎಂದು ಹುಡುಕುವುದು ನನ್ನ ದಿನನಿತ್ಯದ ಕೆಲಸ. ಮನೆಯಲ್ಲಿ ಅತ್ತೆಯವರ ಆರೋಗ್ಯದ ಕಾರಣಕ್ಕೆ ಈ ವಿಷಯ ಓದಲು ಶುರುಮಾಡಿದಾಗ, ವೈದ್ಯರೂ ಕೊನೆಗೆ ಮಾಡಿದ್ದು ಇದೇ ಕೆಲಸವನ್ನು ಎಂದು ತಿಳಿದು ಆಶ್ಚರ್ಯವಾಯಿತು. ಆ ಇತಿಹಾಸವನ್ನು ನಮ್ಮ ಮಹಿಳಾ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಏಕೆಂದರೆ ಈ ಇತಿಹಾಸದಲ್ಲಿ ಹೆಂಗಸರು ಬಹಳ ತಡವಾಗಿ ಕಾಣಿಸಿಕೊಳ್ಳುತ್ತಾರೆ.

ಮೊದಲು ಹೊಟ್ಟೆಯ ಕಥೆ

ಹುಳಿ ಮೇಲಕ್ಕೆ ಬರುವುದು ಮನುಷ್ಯನಿಗೆ ಹೊಸದಲ್ಲ. ನಮ್ಮ ಆಯುರ್ವೇದದ ಮಾಧವ ನಿದಾನದಲ್ಲಿ 'ಅಮ್ಲಪಿತ್ತ' ಒಂದು ಪ್ರತ್ಯೇಕ ರೋಗ. ಅದರಲ್ಲಿ ಮೇಲ್ಮುಖವಾದದ್ದು, ಕೆಳಮುಖವಾದದ್ದು ಎಂದು ಎರಡು ಬಗೆ. ಇಂದಿಗೂ ಹಳ್ಳಿ ಕಡೆ 'ಪಿತ್ತ ಆಗಿದೆ' ಎನ್ನುವುದು ಇದನ್ನೇ.

ಆದರೆ ಆ ಹುಳಿ ಏನು ಎಂದು ರಸಾಯನಶಾಸ್ತ್ರದ ಮೂಲಕ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಪ್ರೌಟ್. 1823ರಲ್ಲಿ ಅವರು ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಅದೇ ಸುಮಾರಿಗೆ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡೇಟು ಬಿದ್ದಿತ್ತು. ಅವನು ಬದುಕಿಕೊಂಡ, ಆದರೆ ಗಾಯ ಪೂರ್ತಿ ಮುಚ್ಚಲಿಲ್ಲ. ಆ ತೂತಿನ ಮೂಲಕವೇ ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಜೀರ್ಣಕ್ರಿಯೆಯನ್ನು ವರ್ಷಗಟ್ಟಲೆ ಗಮನಿಸಿ, 1833ರಲ್ಲಿ ಪುಸ್ತಕ ಪ್ರಕಟಿಸಿದರು. ಕಬ್ಬಿಣಕ್ಕೂ ತುಕ್ಕು ಹಿಡಿಸಬಲ್ಲ ಆಮ್ಲ ನಮ್ಮ ಹೊಟ್ಟೆಯೊಳಗೇ ಇದೆ ಎಂಬುದು ಹೀಗೆ ಖಚಿತವಾಯಿತು.

ಆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಜಠರದ ಒಳಪದರಕ್ಕಿದೆ. ಅದರ ಮೇಲಿರುವ ಅನ್ನನಾಳಕ್ಕೆ ಅಷ್ಟಿಲ್ಲ. 1879ರಲ್ಲಿ ಜರ್ಮನಿಯ ಹೈನ್ರಿಕ್ ಕ್ವಿಂಕೆ ಜಠರರಸದಿಂದ ಅನ್ನನಾಳದಲ್ಲಾಗುವ ಹುಣ್ಣುಗಳನ್ನು ವಿವರಿಸಿದರು. 1935ರಲ್ಲಿ ನ್ಯೂಯಾರ್ಕಿನ ಆಶರ್ ವಿಂಕಲ್‌ಸ್ಟೈನ್ ಇದು ಒಂದು ಪ್ರತ್ಯೇಕ ಕಾಯಿಲೆ ಎಂದು ಬರೆದರು. 1956ರಲ್ಲಿ ಮೇಯೋ ಕ್ಲಿನಿಕ್‌ನ ಸಂಶೋಧಕರು ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಒತ್ತಡ ಅಳೆದು, ಅಲ್ಲಿ ಬಿಗಿಯಾಗಿ ಮುಚ್ಚಿಕೊಂಡಿರುವ ಒಂದು ಸ್ನಾಯುವಿನ ಪಟ್ಟಿ ಇದೆ ಎಂದು ತೋರಿಸಿದರು. ಸುಲಭವಾಗಿ ಹೇಳಬೇಕೆಂದರೆ ಅದು ನಮ್ಮ ಹೊಟ್ಟೆಯ ಬಾಗಿಲು. ಅನ್ನ ಬಂದಾಗ ತೆರೆಯಬೇಕು, ಮತ್ತೆ ಮುಚ್ಚಬೇಕು. ಆ ಬಾಗಿಲು ಸಡಿಲವಾದರೆ, ಅಥವಾ ಬೇಡದ ಹೊತ್ತಿನಲ್ಲಿ ತೆರೆದರೆ ಎದೆಯುರಿ.

ಈ ಹೊಟ್ಟೆಯ ಕಥೆಯಲ್ಲಿ ನಡುವೆ ಒಂದು ಹೆರಿಗೆ ಆಸ್ಪತ್ರೆ ಬರುತ್ತದೆ. ನ್ಯೂಯಾರ್ಕಿನ ಲೈಯಿಂಗ್-ಇನ್ ಆಸ್ಪತ್ರೆಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 1932ರಿಂದ 1945ರವರೆಗಿನ 44,016 ಗರ್ಭಿಣಿಯರ ದಾಖಲೆಗಳಲ್ಲಿ 66 ಮಂದಿಗೆ, ಹೆರಿಗೆಯಲ್ಲಿ ಅರಿವಳಿಕೆ ಕೊಟ್ಟಿದ್ದಾಗ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಮೊಲಗಳ ಮೇಲೆ ಪ್ರಯೋಗ ಮಾಡಿ, ಶ್ವಾಸಕೋಶವನ್ನು ಹಾಳುಮಾಡುವುದರಲ್ಲಿ ಆಮ್ಲದ ಪಾಲು ದೊಡ್ಡದು ಎಂದು ಅವರು ತೋರಿಸಿದರು. ಹೆರಿಗೆ ನೋವು ಶುರುವಾದ ಮೇಲೆ ಏನೂ ತಿನ್ನಬಾರದು ಎಂಬ ಆಸ್ಪತ್ರೆಗಳ ನಿಯಮ ಹರಡಿದ್ದು ಇದರ ನಂತರವೇ. ಎಚ್ಚರ ತಪ್ಪಿದ ದೇಹ ತನ್ನ ಉಸಿರಿನ ದಾರಿಯನ್ನು ಆಮ್ಲದಿಂದ ಕಾಪಾಡಿಕೊಳ್ಳಲಾರದು ಎಂಬ ಪಾಠವನ್ನು ವೈದ್ಯಲೋಕಕ್ಕೆ ಕಲಿಸಿದವರು ಆ ತಾಯಂದಿರು. ಆದರೂ ಪ್ರತಿ ರಾತ್ರಿಯ ಸಾಮಾನ್ಯ ನಿದ್ದೆಯಲ್ಲಿ ಏನಾಗುತ್ತದೆ ಎಂದು ನೋಡಲು ಇನ್ನೂ ದಶಕಗಳು ಬೇಕಾದವು.

ಈಗ ಗೊರಕೆಯ ಕಥೆ

ಸ್ಲೀಪ್ ಆಪ್ನಿಯಾ ಎಂದರೆ ನಿದ್ದೆಯಲ್ಲಿ ಗಂಟಲಿನ ದಾರಿ ಮತ್ತೆ ಮತ್ತೆ ಕುಸಿದು ಉಸಿರು ನಿಲ್ಲುವುದು. ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಉಸಿರು ನಿಂತು, ರಕ್ತದಲ್ಲಿ ಆಮ್ಲಜನಕ ಇಳಿದು, ಮೆದುಳು ಅರೆ ಎಚ್ಚರಗೊಂಡು, ಒಂದು ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ರಾತ್ರಿಯಿಡೀ ಹೀಗೆ ನೂರಾರು ಬಾರಿ ಆದರೂ ಮಲಗಿದವರಿಗೆ ಬೆಳಿಗ್ಗೆ ನೆನಪಿರುವುದಿಲ್ಲ. ಉಳಿಯುವುದು ಸುಸ್ತು, ತಲೆನೋವು, ಹಗಲಿನ ತೂಕಡಿಕೆ.

ಈ ರೋಗದ ಮೊದಲ ಪ್ರಸಿದ್ಧ ಚಿತ್ರ ವೈದ್ಯರದ್ದಲ್ಲ, ಕಾದಂಬರಿಕಾರನದು. 1836-37ರಲ್ಲಿ ಕಂತುಗಳಲ್ಲಿ ಬಂದ ಚಾರ್ಲ್ಸ್ ಡಿಕನ್ಸ್‌ನ 'ಪಿಕ್ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ದಪ್ಪ ಹುಡುಗ ನಿಂತಲ್ಲೇ ನಿದ್ದೆಹೋಗುತ್ತಾನೆ, ಗೊರಕೆ ಹೊಡೆಯುತ್ತಾನೆ, ಎಲ್ಲರೂ ನಗುತ್ತಾರೆ. ನೂರಿಪ್ಪತ್ತು ವರ್ಷಗಳ ನಂತರ, 1956ರಲ್ಲಿ, ಬರ್ವೆಲ್ ಮತ್ತು ಅವರ ಸಂಗಡಿಗರು ಅಮೆರಿಕದ ಒಬ್ಬ ಸ್ಥೂಲಕಾಯದ ವ್ಯಾಪಾರಿಯ ಬಗ್ಗೆ ಬರೆಯುತ್ತಾ ಆ ಕಾಯಿಲೆಗೆ 'ಪಿಕ್ವಿಕಿಯನ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಆ ವ್ಯಾಪಾರಿ ಆಸ್ಪತ್ರೆಗೆ ಬಂದ ಕಾರಣವೂ ಸ್ವಾರಸ್ಯಕರ. ಪೋಕರ್ ಆಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದರೂ ನಿದ್ದೆಹೋಗಿ ಆ ಆಟವನ್ನು ಕೈಬಿಟ್ಟಿದ್ದರಂತೆ! ಅಷ್ಟು ಒಳ್ಳೆಯ ಎಲೆಗಳಿದ್ದೂ ನಿದ್ದೆ ಬಂದಿತೆಂದರೆ ಏನೋ ಕೆಟ್ಟಿದೆ ಎಂದು ಅವರಿಗೆ ಆಗ ಅನಿಸಿತು.

ಆದರೆ ಆ ವೈದ್ಯರು ಹಗಲಿನ ರಕ್ತಪರೀಕ್ಷೆ ನೋಡಿದರೇ ಹೊರತು ರೋಗಿಯ ರಾತ್ರಿಯನ್ನು ನೋಡಲಿಲ್ಲ. ರಾತ್ರಿಯನ್ನು ನೋಡಿದವರು ನರರೋಗ ತಜ್ಞರು. 1965ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿ ಗ್ಯಾಸ್ಟೋ ತಂಡ, ಜರ್ಮನಿಯ ಫ್ರೈಬರ್ಗ್‌ನಲ್ಲಿ ಯುಂಗ್ ಮತ್ತು ಕೂಲೊ, ಇಬ್ಬರೂ ಬೇರೆ ಬೇರೆಯಾಗಿ, ಮಲಗಿದ ರೋಗಿಯ ಮೆದುಳಿನ ಅಲೆ ಮತ್ತು ಉಸಿರನ್ನು ಒಟ್ಟಿಗೆ ದಾಖಲಿಸಿ, ಉಸಿರು ನಿಲ್ಲುವುದನ್ನು ಕಾಗದದ ಮೇಲೆ ಹಿಡಿದರು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಶ್ಚಿಯನ್ ಗಿಯೆಮಿನೊ ಇದನ್ನು ಸ್ಲೀಪ್ ಆಪ್ನಿಯಾ ಸಿಂಡ್ರೋಮ್ ಎಂದು ವ್ಯವಸ್ಥಿತವಾಗಿ ವಿವರಿಸಿದರು.

ಚಿಕಿತ್ಸೆ ಮಾತ್ರ ಭಯಾನಕ. ಗಂಟಲ ಮುಂಭಾಗದಲ್ಲಿ ರಂಧ್ರ ಮಾಡಿ ಉಸಿರಿಗೆ ಬೇರೆ ದಾರಿ ಕೊಡುವುದು. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸಲಿವನ್ ಇದನ್ನು ಬದಲಿಸಿದರು. ವ್ಯಾಕ್ಯೂಮ್ ಕ್ಲೀನರ್ ಮೋಟಾರನ್ನು ಗಾಳಿ ಎಳೆಯುವ ಬದಲು ಊದುವಂತೆ ಮಾಡಿ, ಮೂಗಿನ ಮೂಲಕ ನಿರಂತರ ಒತ್ತಡದ ಗಾಳಿ ಕೊಟ್ಟರೆ ಗಂಟಲು ಕುಸಿಯುವುದಿಲ್ಲ ಎಂದು ಐದು ರೋಗಿಗಳಲ್ಲಿ ತೋರಿಸಿದರು. ಇಂದು ನಾವು ಸಿಪ್ಯಾಪ್ ಎನ್ನುವ ಯಂತ್ರದ ಹುಟ್ಟು ಇದು.

ಎರಡು ಲಾಗ್‌ಗಳು ಅಕ್ಕಪಕ್ಕ ಬಂದಾಗ

ಹೀಗೆ 1980ರ ವೇಳೆಗೆ ಎದೆಯುರಿ ಹೊಟ್ಟೆಯ ತಜ್ಞರ ಬಳಿ ಇತ್ತು, ಗೊರಕೆ ನರ ಮತ್ತು ಶ್ವಾಸಕೋಶ ತಜ್ಞರ ಬಳಿ ಇತ್ತು. ಆಸ್ಪತ್ರೆಯಲ್ಲಿ ಇವರ ಮಹಡಿಗಳೇ ಬೇರೆ. ಒಂದೇ ರೋಗಿ ಎರಡೂ ಕಡೆ ಹೋಗುತ್ತಿದ್ದರೂ ಫೈಲುಗಳು ಬೇರೆಬೇರೆ.

ಇವರನ್ನು ಹತ್ತಿರ ತಂದದ್ದು ಅಳತೆಯ ಉಪಕರಣಗಳು. 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ಮೂಗಿನ ಮೂಲಕ ತೆಳುವಾದ ತಂತಿ ಇಳಿಸಿ, ಅನ್ನನಾಳದ ಆಮ್ಲೀಯತೆಯನ್ನು 24 ಗಂಟೆ ಅಳೆಯುವ ವಿಧಾನವನ್ನು ಪ್ರಕಟಿಸಿದರು. ರೋಗಿ 'ಉರಿ' ಎಂದು ಹೇಳುವುದನ್ನು ಕಾಯಬೇಕಿಲ್ಲ, ಯಂತ್ರವೇ ಸಮಯದೊಂದಿಗೆ ಬರೆದುಕೊಳ್ಳುತ್ತದೆ. 1980ರಲ್ಲಿ ಜಾನ್ ಡೆಂಟ್ ಮತ್ತು ಸಂಗಡಿಗರು ಆರೋಗ್ಯವಂತರನ್ನು ರಾತ್ರಿಯಿಡೀ ದಾಖಲಿಸಿ ಒಂದು ವಿಶೇಷ ಕಂಡರು. ಸ್ಥಿರವಾದ ನಿದ್ದೆಯಲ್ಲಿ ಹೊಟ್ಟೆಯ ಬಾಗಿಲು ಭದ್ರವಾಗಿರುತ್ತದೆ. ಅದು ಆಕಸ್ಮಿಕವಾಗಿ ಸಡಿಲವಾಗಿ ಆಮ್ಲ ಮೇಲೆ ಬರುವುದು ಎಚ್ಚರವಿದ್ದಾಗ, ಅಥವಾ ನಿದ್ದೆಯ ನಡುವಿನ ಕ್ಷಣಿಕ ಎಚ್ಚರಗಳಲ್ಲಿ. ಮರುವರ್ಷ ವಿಲಿಯಂ ಆರ್ ಮತ್ತು ಸಂಗಡಿಗರು ಇನ್ನೊಂದು ಮುಖ ತೋರಿಸಿದರು. ನಿದ್ದೆಯಲ್ಲಿ ಅನ್ನನಾಳ ಸೇರಿದ ಆಮ್ಲ ಬೇಗ ತೊಳೆದುಹೋಗುವುದಿಲ್ಲ. ಎಚ್ಚರದಲ್ಲಿ ನಾವು ಗೊತ್ತಿಲ್ಲದೆಯೇ ಉಗುಳು ನುಂಗುತ್ತಿರುತ್ತೇವೆ, ಉಗುಳು ಕ್ಷಾರೀಯವಾದ್ದರಿಂದ ಆಮ್ಲವನ್ನು ತಣಿಸುತ್ತದೆ. ನಿದ್ದೆಯಲ್ಲಿ ಉಗುಳೂ ಕಡಿಮೆ, ನುಂಗುವುದೂ ಕಡಿಮೆ.

ಇವೆರಡನ್ನೂ ಕೂಡಿಸಿ ನೋಡಿ. ಆಮ್ಲ ಬರುವುದು ಕ್ಷಣಿಕ ಎಚ್ಚರದಲ್ಲಿ, ಉಳಿಯುವುದು ನಿದ್ದೆಯಲ್ಲಿ. ಸ್ಲೀಪ್ ಆಪ್ನಿಯಾ ಇರುವವರ ರಾತ್ರಿ ಎಂದರೆ ಕ್ಷಣಿಕ ಎಚ್ಚರಗಳ ಸರಮಾಲೆಯೇ.

1992ರಲ್ಲಿ ಕೆನಡಾದ ಕೆರ್, ಕ್ರೈಗರ್ ಮುಂತಾದವರು ಆರು ಮಂದಿ ಆಪ್ನಿಯಾ ರೋಗಿಗಳಲ್ಲಿ ನಿದ್ದೆಯ ದಾಖಲೆ ಮತ್ತು ಅನ್ನನಾಳದ ಆಮ್ಲದ ದಾಖಲೆಯನ್ನು ಒಟ್ಟಿಗೆ ತೆಗೆದರು. ಸಿಪ್ಯಾಪ್ ಹಾಕಿದಾಗ ಆಮ್ಲ ಮೇಲೆ ಬರುವುದು ಗಣನೀಯವಾಗಿ ಇಳಿಯಿತು. 2003ರಲ್ಲಿ ಅಮೆರಿಕದ ಗ್ರೀನ್ ಮತ್ತು ಸಂಗಡಿಗರು 331 ಆಪ್ನಿಯಾ ರೋಗಿಗಳ ವರದಿ ಕೊಟ್ಟರು. ಅವರಲ್ಲಿ ಶೇ. 62 ಮಂದಿಗೆ ರಾತ್ರಿಯ ರಿಫ್ಲಕ್ಸ್ ಇತ್ತು. ಸಿಪ್ಯಾಪ್ ಬಳಕೆ ಮುಂದುವರಿಸಿದವರ ರಿಫ್ಲಕ್ಸ್ ಅಂಕ ಶೇ. 48ರಷ್ಟು ಸುಧಾರಿಸಿತು, ಬಳಸದವರಲ್ಲಿ ಬದಲಾವಣೆ ಕಾಣಲಿಲ್ಲ. ಉಸಿರಿಗೆಂದು ಕೊಟ್ಟ ಗಾಳಿ ಎದೆಯುರಿಯನ್ನೂ ಇಳಿಸಿತ್ತು!

ಹಾಗಾದರೆ ಯಾವುದರಿಂದ ಯಾವುದು?

ಇಲ್ಲಿ ನಾವು ಎಂಜಿನಿಯರುಗಳು ಸ್ವಲ್ಪ ನಿಲ್ಲುತ್ತೇವೆ. ಎರಡು ಲಾಗ್‌ಗಳಲ್ಲಿ ಒಟ್ಟಿಗೆ ಎರರ್ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಮೂರನೆಯದೊಂದು ಎರಡನ್ನೂ ಕೆಡಿಸುತ್ತಿರಬಹುದು.

ಮೊದಲ ವಿವರಣೆ ಸರಳವಾಗಿತ್ತು. ಗಂಟಲು ಮುಚ್ಚಿಕೊಂಡಾಗ ಎದೆ ಉಸಿರೆಳೆಯಲು ಹೆಣಗುತ್ತದೆ, ಎದೆಯೊಳಗೆ ಒತ್ತಡ ಬಹಳ ಇಳಿಯುತ್ತದೆ, ಸ್ಟ್ರಾದಲ್ಲಿ ಎಳನೀರು ಎಳೆದಂತೆ ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತದೆ ಎಂಬುದು. ಕೇಳಲು ಚೆನ್ನಾಗಿದೆ. ಆದರೆ 2010ರಲ್ಲಿ ಕುರಿಬಯಾಶಿ ಮತ್ತು ಸಂಗಡಿಗರು ಒತ್ತಡವನ್ನು ನೇರವಾಗಿ ಅಳೆದಾಗ ಬೇರೆಯೇ ಕಂಡಿತು. ಉಸಿರು ಕಟ್ಟಿದ ಹೊತ್ತಿನಲ್ಲಿ ಹೊಟ್ಟೆಯ ಬಾಗಿಲಿನ ಒತ್ತಡವೂ ಏರಿ, ಆಮ್ಲವನ್ನು ತಡೆಯುತ್ತದೆ. ದೇಹ ತನ್ನ ಕಾವಲನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಇನ್ನೊಂದು ತೊಡಕೂ ಇತ್ತು. 1993ರಲ್ಲೇ ಕೆರ್ ತಂಡ, ಆಪ್ನಿಯಾ ಇಲ್ಲದ ರಿಫ್ಲಕ್ಸ್ ರೋಗಿಗಳಿಗೂ ಸಿಪ್ಯಾಪ್‌ನಿಂದ ಗುಣ ಕಂಡಿತ್ತು. ಅಂದರೆ ಗಾಳಿಯ ಒತ್ತಡವೇ ಆಮ್ಲವನ್ನು ಕೆಳಗೆ ಹಿಡಿದಿಡುತ್ತದೆ, ಆಪ್ನಿಯಾ ಇದ್ದರೂ ಇಲ್ಲದಿದ್ದರೂ.

ಇವೆಲ್ಲದರ ಹಿಂದೆ ನಿಂತಿರುವ ಮೂರನೆಯ ವ್ಯಕ್ತಿ ಹೊಟ್ಟೆಯ ಬೊಜ್ಜು. ಅದು ಕೆಳಗಿನಿಂದ ಜಠರವನ್ನು ಒತ್ತುತ್ತದೆ. ಬೊಜ್ಜು ಇರುವವರ ಕತ್ತಿನ ಸುತ್ತಲೂ ಕೊಬ್ಬು ಸೇರಿ ಗಂಟಲನ್ನು ಕಿರಿದಾಗಿಸುತ್ತದೆ. ಎರಡೂ ಕಾಯಿಲೆಗೆ ಒಂದೇ ನೆಲ. ಇಂದು ತಜ್ಞರು ಹೇಳುವುದು ಹೀಗೆ: ಈ ಎರಡು ಕಾಯಿಲೆಗಳು ಆಗಾಗ ಜೊತೆಯಾಗಿರುತ್ತವೆ, ಒಂದರ ತೊಂದರೆಯನ್ನು ಇನ್ನೊಂದು ಹೆಚ್ಚಿಸಬಲ್ಲದು, ಆದರೆ ಪ್ರತಿಯೊಬ್ಬರಲ್ಲೂ ಒಂದೇ ಇನ್ನೊಂದಕ್ಕೆ ಕಾರಣ ಎನ್ನುವಂತಿಲ್ಲ. ಎರಡನ್ನೂ ಕೇಳಬೇಕು, ಎರಡನ್ನೂ ನೋಡಬೇಕು.

ಈ ಕಥೆಯಲ್ಲಿ ನಾವೆಲ್ಲಿ?

ಡಿಕನ್ಸ್‌ನ ಜೋ ಹುಡುಗ. ಪೋಕರ್ ಆಡುತ್ತಿದ್ದ ವ್ಯಾಪಾರಿ ಗಂಡಸು. ವೈದ್ಯರ ಮನಸ್ಸಿನಲ್ಲಿ ಆಪ್ನಿಯಾ ರೋಗಿ ಎಂದರೆ ದಪ್ಪ ಕುತ್ತಿಗೆಯ ಮಧ್ಯವಯಸ್ಕ ಗಂಡಸು ಎಂಬ ಚಿತ್ರ ಗಟ್ಟಿಯಾಯಿತು. ಕ್ಲಿನಿಕ್‌ಗಳಿಗೆ ಬರುತ್ತಿದ್ದವರಲ್ಲಿ ಎಂಟು-ಹತ್ತು ಗಂಡಸರಿಗೆ ಒಬ್ಬ ಹೆಂಗಸು ಎಂಬ ಅನುಪಾತವಿತ್ತು.

1993ರಲ್ಲಿ ಟೆರಿ ಯಂಗ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ತಂಡ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಕ್ಲಿನಿಕ್‌ಗೆ ಬಂದವರನ್ನು ಬಿಟ್ಟು, 30ರಿಂದ 60 ವಯಸ್ಸಿನ 602 ಸರ್ಕಾರಿ ನೌಕರರನ್ನೇ ಕರೆದು ರಾತ್ರಿ ಮಲಗಿಸಿ ಪರೀಕ್ಷಿಸಿತು. ಗಂಟೆಗೆ ಐದು ಅಥವಾ ಹೆಚ್ಚು ಬಾರಿ ಉಸಿರಿನ ತೊಡಕು ಇದ್ದವರು ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9. ಹಗಲಿನ ತೂಕಡಿಕೆಯೂ ಸೇರಿದ ಕಾಯಿಲೆ ಗಂಡಸರಲ್ಲಿ ಶೇ. 4, ಹೆಂಗಸರಲ್ಲಿ ಶೇ. 2. ಅಂದರೆ ಅನುಪಾತ ಹತ್ತಕ್ಕೆ ಒಂದಲ್ಲ, ಎರಡು-ಮೂರಕ್ಕೆ ಒಂದು. ಉಳಿದ ಹೆಂಗಸರು ಕ್ಲಿನಿಕ್ ತನಕ ಬಂದೇ ಇರಲಿಲ್ಲ. 1997ರಲ್ಲಿ ಅದೇ ತಂಡ, ಮಧ್ಯಮದಿಂದ ತೀವ್ರ ಸ್ವರೂಪದ ಕಾಯಿಲೆ ಇರುವ ಹೆಂಗಸರಲ್ಲಿ ಶೇ. 93 ಮಂದಿಗೆ, ಗಂಡಸರಲ್ಲಿ ಶೇ. 82 ಮಂದಿಗೆ ರೋಗನಿರ್ಣಯವೇ ಆಗಿಲ್ಲ ಎಂದು ಅಂದಾಜಿಸಿತು.

ನಂತರ ಇನ್ನೆರಡು ಸಂಗತಿ ಹೊರಬಂದವು. 2000ದಲ್ಲಿ ಸ್ವೀಡನ್ನಿನ 502 ಬಾಣಂತಿಯರನ್ನು ಕೇಳಿದಾಗ, ಗರ್ಭಿಣಿಯಾಗುವ ಮುಂಚೆ ಶೇ. 4 ಮಂದಿ ಮಾತ್ರ ಗೊರಕೆ ಹೊಡೆಯುತ್ತಿದ್ದರೆ, ಕೊನೆಯ ವಾರದಲ್ಲಿ ಶೇ. 23 ಮಂದಿ ಪ್ರತಿ ರಾತ್ರಿ ಹೊಡೆಯುತ್ತಿದ್ದರು. ಅಂಥವರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚಿತ್ತು. ಎದೆಯುರಿಯೂ ಹೆಚ್ಚಾಗುವುದು ಅದೇ ತಿಂಗಳುಗಳಲ್ಲಿ ಎಂಬುದು ಹೆತ್ತವರಿಗೆಲ್ಲ ಗೊತ್ತು. 2001ರಲ್ಲಿ ಪೆನ್ಸಿಲ್ವೇನಿಯಾದ ಬಿಕ್ಸ್‌ಲರ್ ತಂಡ ಸಾವಿರ ಹೆಂಗಸರನ್ನು ಪರೀಕ್ಷಿಸಿ, ಮುಟ್ಟು ನಿಲ್ಲುವ ಮುಂಚೆ ಶೇ. 0.6 ಇದ್ದ ಆಪ್ನಿಯಾ, ಮುಟ್ಟು ನಿಂತು ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳದವರಲ್ಲಿ ಶೇ. 2.7ಕ್ಕೆ ಏರುತ್ತದೆ ಎಂದು ತೋರಿಸಿತು.

ನಮ್ಮ ದೇಶದಲ್ಲಿ 2004ರಲ್ಲಿ ಮುಂಬಯಿಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರ ಮುಖ್ಯವಾದ ಅಧ್ಯಯನ ಬಂತು. ಮಧ್ಯವಯಸ್ಸಿನ ನಗರವಾಸಿಗಳಲ್ಲಿ ಶೇ. 19.5 ಮಂದಿಗೆ ನಿದ್ದೆಯಲ್ಲಿ ಉಸಿರಿನ ತೊಂದರೆ, ಶೇ. 7.5 ಮಂದಿಗೆ ಲಕ್ಷಣಗಳೊಂದಿಗಿನ ಆಪ್ನಿಯಾ. ಬಹಳ ಕಣ್ಣು ತೆರೆಸಿದ ಅಧ್ಯಯನ. ಆದರೆ ಅದರಲ್ಲಿದ್ದವರೆಲ್ಲ ಗಂಡಸರು. ಹೆಂಗಸರನ್ನೂ ಸೇರಿಸಿಕೊಂಡ ಅಧ್ಯಯನಗಳು ಆಮೇಲೆ ದೆಹಲಿಯಿಂದ ಬಂದವು.

ಇಂದು ಬಹಳ ಬಳಕೆಯಲ್ಲಿರುವ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ಗಂಡಸಾಗಿದ್ದರೆ ಒಂದು ಅಂಕ. ಗೊರಕೆಗೆ ಒಂದು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದರೆ ಒಂದು. ಈ 'ಯಾರಾದರೂ ನೋಡಿದ್ದರೆ' ಎಂಬಲ್ಲೇ ನಮ್ಮ ಕಥೆ ಸಿಕ್ಕಿಕೊಳ್ಳುವುದು. ಗಂಡನ ಗೊರಕೆಗೆ ಎಚ್ಚರಗೊಂಡು ಕೂರುವ ಹೆಂಡತಿ ಮನೆಮನೆಯಲ್ಲೂ ಇದ್ದಾಳೆ. ಹೆಂಡತಿಯ ಉಸಿರನ್ನು ಎಣಿಸುತ್ತಾ ಎದ್ದು ಕೂತ ಗಂಡಂದಿರು ಎಷ್ಟು? ಒಬ್ಬರೇ ಮಲಗುವ ಹಿರಿಯರಿಗಂತೂ ಸಾಕ್ಷಿಯೇ ಇಲ್ಲ.

ನಮ್ಮ ಅತ್ತೆಯವರದ್ದು ಇದೇ ಕಥೆ. ಧಾರವಾಡದ ಕಡೆಯವರು, ಮಾವನವರು ತೀರಿಕೊಂಡ ಮೇಲೆ ನಮ್ಮೊಂದಿಗೆ ಪುಣೆಯಲ್ಲಿದ್ದಾರೆ. ಆರು ವರ್ಷ ಅವರಿಗೆ ಬೆಳಗಿನ ಗಂಟಲು ಕೆರೆತ, ಬಾಯಿ ಹುಳಿ, ಸುಸ್ತು. ಆರು ವರ್ಷವೂ 'ಅಸಿಡಿಟಿ' ಎಂದು ಮಾತ್ರೆ. 'ರಾತ್ರಿ ಹೇಗೆ ಮಲಗುತ್ತೀರಿ' ಎಂದು ಯಾರೂ ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ. ಮದುವೆ ಮನೆಗಳಲ್ಲಿ ಎಲ್ಲ ಹೆಂಗಸರೂ ಹಾಲ್‌ನಲ್ಲಿ ಸಾಲಾಗಿ ಮಲಗಿದರೆ ಇವರು ಹೂ ಕಟ್ಟುವ ನೆಪದಲ್ಲಿ ಎಚ್ಚರವಾಗಿಯೇ ಕೂರುತ್ತಿದ್ದರಂತೆ. ರೈಲಿನಲ್ಲಿ ಬರ್ತ್ ಇದ್ದರೂ ಕೂತೇ ಬರುತ್ತಿದ್ದರಂತೆ. 'ಹೆಂಗಸು ಗೊರಕಿ ಹೊಡದ್ರ ಮಂದಿ ನಗತಾರವ್ವ' ಎಂದರು ನನ್ನ ಬಳಿ. ಕೊನೆಗೆ ಒಬ್ಬ ಕಿವಿ-ಮೂಗು-ಗಂಟಲು ತಜ್ಞೆ ಗಂಟಲನ್ನು ನೋಡಿ, ನಿದ್ದೆಯ ಪರೀಕ್ಷೆಗೆ ಕಳಿಸಿದರು. ಈಗ ಸಿಪ್ಯಾಪ್ ಇದೆ. ಮೊದಲ ತಿಂಗಳು ಮಾಸ್ಕ್ ಜೊತೆ ಜಗಳ, ಹೊಟ್ಟೆಯಲ್ಲಿ ಗಾಳಿ ತುಂಬಿದಂತಾಗುವುದು, ಎಲ್ಲ ಆಯಿತು. ಈಗ ಬೆಳಗಿನ ಹುಳಿ ಬಹಳ ಕಡಿಮೆ. ಕಳೆದ ಚಳಿಗಾಲದಲ್ಲಿ ನಾದಿನಿಯ ಮಗಳ ಮದುವೆಗೆ ಯಂತ್ರವನ್ನೂ ಹೊತ್ತುಕೊಂಡು ಹೋಗಿ, ಎಲ್ಲರ ನಡುವೆ ಮಲಗಿ ಬಂದರು.

ನಾವು ಮಾಡಬಹುದಾದದ್ದು

ಗೆಳತಿಯರೇ, ಪರಊರಿನಲ್ಲಿ ನೌಕರಿ, ಟ್ರಾಫಿಕ್ಕು, ಅಮೆರಿಕದ ಹೊತ್ತಿನ ಮೀಟಿಂಗು ಎಂದು ನಮ್ಮ ರಾತ್ರಿ ಊಟ ಹತ್ತು ಗಂಟೆಗೆ ಜಾರಿದೆ. ಮಲಗುವುದಕ್ಕೆ ಎರಡು-ಮೂರು ಗಂಟೆ ಮುಂಚೆ ಊಟ ಮುಗಿಸುವುದು ಮೊದಲ ಔಷಧ. ಮಂಚದ ತಲೆಯ ಭಾಗದ ಕಾಲುಗಳ ಕೆಳಗೆ ಆರು-ಎಂಟು ಅಂಗುಲದ ಮರದ ತುಂಡು ಇಟ್ಟು ಎತ್ತರಿಸಿದರೆ ಆಮ್ಲ ಬೇಗ ಕೆಳಗಿಳಿಯುತ್ತದೆ. ಎರಡು ದಿಂಬು ಪೇರಿಸಿದರೆ ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಿಚುತ್ತದೆ, ಹೆಚ್ಚು ಪ್ರಯೋಜನವಿಲ್ಲ. ಎಡಮಗ್ಗುಲಲ್ಲಿ ಮಲಗಿದರೆ ಎದೆಯುರಿ ಕಡಿಮೆ ಎಂಬುದನ್ನು 1999ರಲ್ಲಿ ಕೌರಿ, ಕ್ಯಾಟ್ಜ್ ಮತ್ತು ಕ್ಯಾಸ್ಟೆಲ್ ಅಳತೆ ಮಾಡಿಯೇ ತೋರಿಸಿದ್ದಾರೆ. ಅಂಗಾತ ಮಲಗುವುದನ್ನು ಬಿಟ್ಟರೆ ಗೊರಕೆಗೂ ಅನುಕೂಲ.

ಮಾತ್ರೆ ನುಂಗಿಯೂ ತಿಂಗಳುಗಟ್ಟಲೆ ಎದೆಯುರಿ ಹೋಗದಿದ್ದರೆ, ಜೊತೆಗೆ ಗೊರಕೆ, ಬೆಳಗಿನ ತಲೆನೋವು, ರಾತ್ರಿ ಮತ್ತೆ ಮತ್ತೆ ಎಚ್ಚರ, ಹತೋಟಿಗೆ ಬಾರದ ಬಿ.ಪಿ., ಎಷ್ಟು ಮಲಗಿದರೂ ಹೋಗದ ಸುಸ್ತು ಇದ್ದರೆ, ವೈದ್ಯರಿಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಈಗಾಗಲೇ ಇರುವ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ನುಂಗಲು ಕಷ್ಟ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ಎದೆಯಿಂದ ತೋಳಿಗೆ ಹರಿಯುವ ನೋವು ಇವುಗಳಿದ್ದರೆ ಕಾಯಲೇಬೇಡಿ.

ಎರಡು ಫೈಲುಗಳು ಒಂದಾಗಲು ವೈದ್ಯಶಾಸ್ತ್ರಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ನಮ್ಮ ಮನೆಯಲ್ಲಿ ಅದಕ್ಕೆ ಒಂದು ಪ್ರಶ್ನೆ ಸಾಕು. ಅಮ್ಮನನ್ನು, ಅತ್ತೆಯನ್ನು, ಅಕ್ಕನನ್ನು ನಾಳೆ ಬೆಳಿಗ್ಗೆ ಕಾಫಿ ಕೊಡುವಾಗ ಕೇಳಿ: 'ರಾತ್ರಿ ನಿದ್ದೆ ಹೇಗಿತ್ತು?' ಅವರು 'ಚೆನ್ನಾಗಿತ್ತು ಬಿಡು' ಎಂದರೂ, ಇನ್ನೊಮ್ಮೆ ಕೇಳಿ.